ಮೇಲ್ಮನೆಗೆ ಮತ ಹಾಕಿದವರು ಯಾರು?

ಡಿಸೆಂಬರ್ ಬಂತೆಂದರೆ ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾ ರಸ್ತೆಯಲ್ಲಿ ಗಾಡಿಗಳ ಓಡಾಟ ಹೆಚ್ಚುತ್ತದೆ. ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದ ಶಾಸಕರು, ಮಂತ್ರಿಗಳು, ಅಧಿಕಾರಿಗಳು ಇಲ್ಲಿಂದಲೇ ಹಲಗಾ–ಬಸ್ತವಾಡದ ಸುವರ್ಣ ವಿಧಾನಸೌಧದ ದಾರಿ ಹಿಡಿಯುತ್ತಾರೆ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಆ ಕಟ್ಟಡದಲ್ಲಿ ಎರಡು ಸಭಾಂಗಣಗಳಿವೆ. ಒಂದು ವಿಧಾನಸಭೆಯದು, ಇನ್ನೊಂದು ಮೇಲ್ಮನೆಯಾದ ವಿಧಾನ ಪರಿಷತ್ತಿನದು. ವಿಧಾನಸಭೆಯ ಸದಸ್ಯ ಯಾರೆಂದು ಸಾಂಬ್ರಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪರಿಷತ್ತಿನಲ್ಲಿ ನಮ್ಮವರು ಯಾರು, ಅವರನ್ನು ಕಳಿಸಿದವರು ಯಾರು ಎಂದು ಕೇಳಿದರೆ ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ನಾನು ಹೈಸ್ಕೂಲು ಮಾಸ್ತರಿಕೆ ಮಾಡಿದವನು, ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವನು. ನನಗೂ ಈ ಪ್ರಶ್ನೆ ತಟ್ಟಿದ್ದು ಬಹಳ ತಡವಾಗಿ.

ಮೇಲ್ಮನೆ ಬೇಕೇ ಬೇಡವೇ ಎಂಬ ವಾದ ನೂರು ವರ್ಷದಿಂದ ನಡೆದಿದೆ. ಹಿರಿಯರ ಮನೆ, ಚಿಂತಕರ ಚಾವಡಿ ಎಂದು ಒಂದು ಕಡೆಯವರು. ಸೋತವರಿಗೆ ಹಿಂಬಾಗಿಲು ಎಂದು ಇನ್ನೊಂದು ಕಡೆಯವರು. ಇಬ್ಬರೂ ಒಳಗೆ ಕೂತವರನ್ನೇ ನೋಡಿ ಮಾತಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಹೊರಗಿನ ಮತದಾರರ ಪಟ್ಟಿ. ಆ ಪಟ್ಟಿಯಲ್ಲಿ ಯಾರ ಹೆಸರಿತ್ತು, ಯಾರದು ಇರಲಿಲ್ಲ ಎನ್ನುವುದರ ಮೇಲೆಯೇ ಮೇಲ್ಮನೆಯ ಸದಸ್ಯತ್ವದ ಬೆಲೆ ನಿಂತಿದೆ. ಬೆಳಗಾವಿಯಂಥ ಗಡಿ ಜಿಲ್ಲೆಯಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಈ ನೆಲ ಮೊದಲು ಮುಂಬಯಿಯ ಮೇಲ್ಮನೆಗೆ, ಆಮೇಲೆ ಬೆಂಗಳೂರಿನ ಮೇಲ್ಮನೆಗೆ ಸದಸ್ಯರನ್ನು ಕಳಿಸಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಈ ಭಾಗದ ಹಳೆಯ ಮನೆತನಗಳ ಕಾಗದಪತ್ರಗಳಲ್ಲಿ ಹೆಸರಿನ ಮುಂದೆ ಎಂ.ಎಲ್.ಸಿ. ಎಂದು ಇದ್ದರೆ ಅದನ್ನು ಮೇಲ್ಮನೆಯ ಸದಸ್ಯತ್ವವೆಂದೇ ಓದಿಬಿಡುತ್ತೇವೆ. 1937ಕ್ಕಿಂತ ಮೊದಲು ಮುಂಬಯಿ ಪ್ರಾಂತದಲ್ಲಿ ಇದ್ದದ್ದು ಒಂದೇ ಸಭೆ, ಅದರ ಹೆಸರೇ ಲೆಜಿಸ್ಲೇಟಿವ್ ಕೌನ್ಸಿಲ್. ಧಾರವಾಡ ಭಾಗದ ಸರ್ ಸಿದ್ದಪ್ಪ ಕಂಬಳಿ, ಕೆ.ಎಲ್.ಇ. ಸಂಸ್ಥೆಯ ಸಪ್ತರ್ಷಿಗಳಲ್ಲಿ ಒಬ್ಬರಾದ ಪಂಡಿತಪ್ಪ ಚಿಕ್ಕೋಡಿ, ನಾಮಕರಣಗೊಂಡು 1927ರಲ್ಲಿ ಬಂದ ಡಾ. ಅಂಬೇಡ್ಕರ್ ಎಲ್ಲರೂ ಆ ಒಂದೇ ಸಭೆಯ ಸದಸ್ಯರು. ಅದು ಮೇಲ್ಮನೆಯಲ್ಲ. ಮೇಲ್ಮನೆ ಹುಟ್ಟಿದ್ದು 1935ರ ಭಾರತ ಸರ್ಕಾರ ಕಾಯ್ದೆಯಿಂದ. ಅದು ಮುಂಬಯಿ, ಮದ್ರಾಸು, ಬಂಗಾಳ, ಸಂಯುಕ್ತ ಪ್ರಾಂತ, ಬಿಹಾರ, ಅಸ್ಸಾಂ ಎಂಬ ಆರು ಪ್ರಾಂತಗಳಿಗೆ ಎರಡೆರಡು ಮನೆ ಕೊಟ್ಟಿತು.

ಮುಂಬಯಿಯ ಕೆಳಮನೆಯಲ್ಲಿ 175 ಸ್ಥಾನಗಳಿದ್ದವು. ಮೇಲ್ಮನೆಯಲ್ಲಿ ಇದ್ದದ್ದು ಬರೀ 29 ಅಥವಾ 30. ಅದರಲ್ಲಿ ಸಾಮಾನ್ಯ ಸ್ಥಾನ 20, ಮುಸ್ಲಿಮರಿಗೆ 5, ಯುರೋಪಿಯನ್ನರಿಗೆ 1, ಉಳಿದ ಮೂರೋ ನಾಲ್ಕೋ ಗವರ್ನರರ ನಾಮಕರಣಕ್ಕೆ. ಆ ಇಪ್ಪತ್ತು ಸಾಮಾನ್ಯ ಸ್ಥಾನಗಳನ್ನು ಗುಜರಾತ, ಮಹಾರಾಷ್ಟ್ರ, ಮುಂಬಯಿ ನಗರ, ಬೆಳಗಾವಿ–ಧಾರವಾಡ–ವಿಜಾಪುರ–ಉತ್ತರ ಕನ್ನಡ ಎಲ್ಲಕ್ಕೂ ಹಂಚಬೇಕಿತ್ತು. ಒಬ್ಬ ಸದಸ್ಯನ ಅವಧಿ ಒಂಬತ್ತು ವರ್ಷ. ಮೂರು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಭಾಗ ನಿವೃತ್ತಿ.

ಮತ ಯಾರಿಗೆ? ಈ ಮನೆಗೆ ಜನರೇ ನೇರವಾಗಿ ಆರಿಸಿ ಕಳಿಸುತ್ತಿದ್ದರು ಎಂದರೆ ಈಗಿನವರಿಗೆ ಆಶ್ಚರ್ಯವಾಗಬಹುದು. ಆದರೆ ಆ ಜನ ಬೆರಳೆಣಿಕೆಯವರು: ದೊಡ್ಡ ಮೊತ್ತದ ಕಂದಾಯ ಕಟ್ಟುವ ಜಮೀನುದಾರರು, ಆದಾಯ ತೆರಿಗೆ ಕಟ್ಟುವ ವ್ಯಾಪಾರಸ್ಥರು, ಸರ್ಕಾರದ ಬಿರುದು ಪಡೆದವರು, ಹುದ್ದೆಯಲ್ಲಿದ್ದವರು. ಕೆಳಮನೆಗೇ ಎಲ್ಲರಿಗೂ ಮತವಿಲ್ಲದ ಕಾಲ ಅದು. ಮೇಲ್ಮನೆಯ ಪಟ್ಟಿ ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು. ಸಾಂಬ್ರಾದಂಥ ಒಕ್ಕಲುತನದ ಹಳ್ಳಿಯಲ್ಲಿ ಒಂದೆರಡು ಮನೆಗೆ ಆ ಮತ ಬಂದಿದ್ದರೆ ಅದೇ ಹೆಚ್ಚು. ಹೊಲ ಮಾಡುವ ರೈತನ ಹೆಸರು ಅಲ್ಲಿ ಬರುವ ದಾರಿಯೇ ಇರಲಿಲ್ಲ.

ಅಂಥ ಮನೆಯೊಳಗೂ ಒಳ್ಳೆಯ ಮಾತು ಹುಟ್ಟಲಿಲ್ಲ ಎಂದು ಹೇಳಲಾಗದು. ಹಂಸಾ ಮೆಹತಾ 1937ರಲ್ಲಿ ಮೀಸಲು ಸ್ಥಾನ ಬೇಡವೆಂದು ಸಾಮಾನ್ಯ ಸ್ಥಾನದಿಂದಲೇ ನಿಂತು ಗೆದ್ದು ಬಂದದ್ದು ಇದೇ ಮುಂಬಯಿ ಮೇಲ್ಮನೆಗೆ. ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಕೂತು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮಾತಿನಲ್ಲಿ ಹೆಣ್ಣಿಗೂ ಜಾಗ ಮಾಡಿಸಿದವರು ಅವರು. ಆದರೆ ಒಬ್ಬರ ದೊಡ್ಡತನದಿಂದ ಪಟ್ಟಿಯ ಸಣ್ಣತನ ಹೋಗುವುದಿಲ್ಲ.

ಆ ಮನೆಗೆ ಕೆಲಸ ಮಾಡಲು ಸಿಕ್ಕ ಕಾಲವೂ ಕಡಿಮೆ. 1939ರ ನವೆಂಬರಿನಲ್ಲಿ ಮುಂಬಯಿಯ ಬಿ.ಜಿ. ಖೇರ್ ಮಂತ್ರಿಮಂಡಳ ಎರಡನೇ ಮಹಾಯುದ್ಧದ ಪ್ರಶ್ನೆಯ ಮೇಲೆ ರಾಜೀನಾಮೆ ಕೊಟ್ಟಿತು. 1935ರ ಕಾಯ್ದೆಯ 93ನೇ ಕಲಮಿನ ಪ್ರಕಾರ ಗವರ್ನರರೇ ಆಡಳಿತ ವಹಿಸಿಕೊಂಡರು. ಶಾಸನಸಭೆಗಳು ಮತ್ತೆ ಕೂಡಿದ್ದು 1946ರಲ್ಲಿ. ಸಾಂಬ್ರಾದ ಹೊಲಗಳ ನಡುವೆ ಬ್ರಿಟಿಷ್ ವಾಯುಪಡೆ ವಿಮಾನದ ಓಡುದಾರಿ ಮಾಡಿದ್ದು 1942ರಲ್ಲಿ, ಮುಂಬಯಿಯ ಎರಡೂ ಮನೆಗಳ ಬಾಗಿಲು ಮುಚ್ಚಿದ್ದಾಗ. ಆ ನೆಲದ ಬಗ್ಗೆ ಪ್ರಶ್ನೆ ಎತ್ತಲು ಜಿಲ್ಲೆಯ ಯಾವ ಸದಸ್ಯನಿಗೂ ಆಗ ಸಭೆಯೇ ಇರಲಿಲ್ಲ.

ಹಳೆಯ ಮೈಸೂರಿನ ಕಥೆ ಬೇರೆ. ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ. 1923ರ ಸುಧಾರಣೆಯಲ್ಲಿ ಎರಡನೆಯದು 50 ಸದಸ್ಯರ ಸಭೆಯಾಗಿ ಬಜೆಟ್ಟಿನ ಮೇಲೆ ಮತ ಹಾಕುವ ಅಧಿಕಾರ ಪಡೆಯಿತು. ಡಿ.ವಿ. ಗುಂಡಪ್ಪನವರು 1926ರಿಂದ ಹಲವು ವರ್ಷ ಅಲ್ಲಿ ಸದಸ್ಯರಾಗಿದ್ದರು. ಎರಡೂ ಸಭೆಗಳು ವಿಸರ್ಜನೆಯಾದದ್ದು 1949ರ ಡಿಸೆಂಬರಿನಲ್ಲಿ.

ಸಂವಿಧಾನ ಬಂದಾಗ ಪಟ್ಟಿಯ ಸ್ವರೂಪವೇ ಬದಲಾಯಿತು. 171ನೇ ವಿಧಿ ಹಣದ ಅಳತೆಯನ್ನು ಕಿತ್ತುಹಾಕಿತು. ಮೂರರಲ್ಲಿ ಒಂದು ಭಾಗ ಸದಸ್ಯರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಇನ್ನೊಂದು ಮೂರನೇ ಭಾಗವನ್ನು ವಿಧಾನಸಭೆಯ ಸದಸ್ಯರು, ಹನ್ನೆರಡರಲ್ಲಿ ಒಂದು ಭಾಗವನ್ನು ಪದವೀಧರರು, ಅಷ್ಟೇ ಭಾಗವನ್ನು ಶಿಕ್ಷಕರು ಆರಿಸಬೇಕು. ಉಳಿದವರನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆಯಿಂದ ರಾಜ್ಯಪಾಲರು ನಾಮಕರಣ ಮಾಡಬೇಕು. ಮೂವತ್ತು ವರ್ಷ ತುಂಬಿದವರು ಸದಸ್ಯರಾಗಬಹುದು. ಅವಧಿ ಆರು ವರ್ಷ. 1952ರಲ್ಲಿ ಮೈಸೂರಿನ ಪರಿಷತ್ತು 40 ಸದಸ್ಯರಿಂದ ಶುರುವಾಯಿತು. ಕಾರ್ಮಿಕರ ಪರ ದುಡಿದ ವಕೀಲ ಕೆ.ಟಿ. ಭಾಷ್ಯಂ ಮೊದಲ ಸಭಾಪತಿ. ಬೆಳಗಾವಿ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಸದಸ್ಯರು ಬೆಳಗಾವಿ ಸ್ಟೇಶನ್ನಿನಲ್ಲಿ ಮೀಟರ್‌ಗೇಜ್ ರೈಲು ಹತ್ತಿ, ಪುಣೆಯಲ್ಲಿ ಇಳಿದು, ಬೇರೆ ಗಾಡಿ ಹಿಡಿದು ಮುಂಬಯಿಯ ಕೌನ್ಸಿಲ್ ಹಾಲಿಗೆ ಹೋಗುತ್ತಿದ್ದರು.

ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಆಪ್ತವಾದದ್ದು ಶಿಕ್ಷಕರ ಮತ. ಬೇರೆ ಯಾವ ಕಸುಬಿನವರಿಗೂ ಸಂವಿಧಾನ ಹೀಗೆ ಹೆಸರು ಹೇಳಿ ಮತ ಕೊಟ್ಟಿಲ್ಲ. ಆದರೆ ಅದರಲ್ಲೇ ಒಂದು ದೊಡ್ಡ ಅನ್ಯಾಯವೂ ಇದೆ. ಮಾಧ್ಯಮಿಕ ಶಾಲೆಗಿಂತ ಕೆಳಗಿನ ಶಿಕ್ಷಕರಿಗೆ ಆ ಮತವಿಲ್ಲ. 1950ರ ದಶಕದಲ್ಲಿ ಬೆಳಗಾವಿ ಪೇಟೆಯ ಹೈಸ್ಕೂಲು ಮಾಸ್ತರಿಗೆ, ಲಿಂಗರಾಜ ಕಾಲೇಜಿನ ಪ್ರಾಧ್ಯಾಪಕರಿಗೆ ಮತವಿತ್ತು. ಹಳ್ಳಿಯ ಕನ್ನಡ ಶಾಲೆಯಲ್ಲಿ, ಮರಾಠಿ ಶಾಲೆಯಲ್ಲಿ ಒಬ್ಬರೇ ನಾಲ್ಕು ವರ್ಗಕ್ಕೆ ಕಲಿಸುತ್ತಿದ್ದ ಪ್ರಾಥಮಿಕ ಶಾಲೆಯ ಮಾಸ್ತರಿಗೆ ಇರಲಿಲ್ಲ. ಇಂದಿಗೂ ಇಲ್ಲ. ಮಗುವಿನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸುವವರು ಮೇಲ್ಮನೆಗೆ ಮತ ಹಾಕಲು ಯೋಗ್ಯರಲ್ಲವೆಂದು ಒಂದು ದೇಶ ಎಪ್ಪತ್ತು ವರ್ಷ ನಂಬಿಕೊಂಡು ಬಂದದ್ದು ನನಗೆ ನೋವಿನ ಸಂಗತಿ.

1956ರ ನವೆಂಬರ್ 1. ಏಕೀಕರಣದ ಬಗ್ಗೆ ಬರೆದವರು ಬಹಳ, ಮೇಲ್ಮನೆಯ ಮತಕ್ಕೆ ಆ ದಿನ ಏನಾಯಿತೆಂದು ಬರೆದವರು ಕಡಿಮೆ. ಐದು ಆಡಳಿತಗಳ ಕನ್ನಡಿಗರು ಒಂದಾದರು. ಅವುಗಳಲ್ಲಿ ಮೈಸೂರು, ಮುಂಬಯಿ, ಮದ್ರಾಸು ಮೂರಕ್ಕೆ ಮೇಲ್ಮನೆ ಇತ್ತು. ಹೈದರಾಬಾದಿಗೂ ಕೊಡಗಿಗೂ ಇರಲಿಲ್ಲ. ಕಲಬುರಗಿ, ರಾಯಚೂರು, ಬೀದರಿನ ಹೈಸ್ಕೂಲು ಮಾಸ್ತರರಿಗೆ, ಮಡಿಕೇರಿಯ ಪದವೀಧರರಿಗೆ ಪರಿಷತ್ತಿನ ಮತ ಬಂದದ್ದೇ ಏಕೀಕರಣದಿಂದ. ಮಂಗಳೂರಿನವರ ಮತ ಮದ್ರಾಸಿನಿಂದ ಬೆಂಗಳೂರಿಗೆ ತಿರುಗಿತು. ಕಾಸರಗೋಡಿನ ಕನ್ನಡ ಶಿಕ್ಷಕರಿಗೆ ಮಾತ್ರ ಆ ದಿನ ಎರಡು ನಷ್ಟ. ತಾಲೂಕು ಕೇರಳಕ್ಕೆ ಹೋಯಿತು. ಕೇರಳಕ್ಕೆ ಮೇಲ್ಮನೆಯೇ ಇಲ್ಲದ್ದರಿಂದ ಮದ್ರಾಸಿನಲ್ಲಿದ್ದಾಗ ಇದ್ದ ಮತವೂ ಹೋಯಿತು. ಭಾಷೆಯ ಅಲ್ಪಸಂಖ್ಯಾತರಿಗೆ ಸದನದಲ್ಲಿ ಒಂದು ದನಿ ಎಷ್ಟು ಬೇಕು ಎನ್ನುವುದನ್ನು ಅಲ್ಲಿಯ ಕನ್ನಡಿಗರನ್ನು ಕೇಳಿದರೆ ತಿಳಿಯುತ್ತದೆ.

ಬೆಳಗಾವಿ ಜಿಲ್ಲೆಯಿಂದ ಚಂದಗಡ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಉಳಿದ ಜಿಲ್ಲೆ ಮೈಸೂರಿಗೆ ಬಂತು. ಉತ್ತರಕ್ಕೆ ರೈಲು ಹಿಡಿಯುತ್ತಿದ್ದ ಸದಸ್ಯರು ಈಗ ಹುಬ್ಬಳ್ಳಿ, ಹರಿಹರ, ಅರಸೀಕೆರೆ ಮಾರ್ಗವಾಗಿ ದಕ್ಷಿಣಕ್ಕೆ ಹೊರಟರು. ಆಗಷ್ಟೇ ಕಟ್ಟಿ ಮುಗಿದಿದ್ದ ಬೆಂಗಳೂರಿನ ವಿಧಾನಸೌಧ ಅವರ ಹೊಸ ಸಭಾಗೃಹ. 1957ರ ಲೆಜಿಸ್ಲೇಟಿವ್ ಕೌನ್ಸಿಲ್ಸ್ ಕಾಯ್ದೆ ಮೈಸೂರಿನ ಪರಿಷತ್ತಿನ ಬಲವನ್ನು 63ಕ್ಕೆ ಏರಿಸಿತು: ಸ್ಥಳೀಯ ಸಂಸ್ಥೆಗಳಿಂದ 21, ವಿಧಾನಸಭೆಯಿಂದ 21, ಪದವೀಧರರಿಂದ 6, ಶಿಕ್ಷಕರಿಂದ 6, ನಾಮಕರಣ 9. ಮುಂಬಯಿ ಕರ್ನಾಟಕದ ಮಂದಿ ಹೊಸ ಮನೆಯಲ್ಲಿ ಹಿಂದೆ ಬೀಳಲಿಲ್ಲ. ಹೊಸರಿತ್ತಿಯ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿ 1960ರ ದಶಕದಲ್ಲಿ ಅದೇ ಪರಿಷತ್ತಿನ ಸಭಾಪತಿಯ ಪೀಠದಲ್ಲಿ ಕೂತರು.

ಗಡಿಯ ವಿವಾದ ಆಗ ಕಾವೇರಿತ್ತು. ಬೆಳಗಾವಿ, ಖಾನಾಪುರದಲ್ಲಿ ಮರಾಠಿ ಮಾತಾಡುವವರ ದೊಡ್ಡ ಪಾಲು ಮಹಾರಾಷ್ಟ್ರವನ್ನು ಬಯಸಿತ್ತು. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, ಮರುವರ್ಷ ವರದಿ ಬಂತು. ಇಂಥ ಜಿಲ್ಲೆಯಲ್ಲಿ ಪರಿಷತ್ತಿನ ಚುನಾವಣೆಯ ಒಂದು ಗುಣ ಬಹಳ ದೊಡ್ಡದು. ಅದು ಪ್ರಾಶಸ್ತ್ಯದ ಮತ. ಎಣಿಕೆಯ ಮೇಜಿನ ಪಕ್ಕ ಒಮ್ಮೆ ಏಜೆಂಟನಾಗಿ ಕೂತಾಗ ಇದು ನನ್ನ ತಲೆಗೆ ಹೊಕ್ಕಿತು. ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ. ಅಧಿಕಾರಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರಿನ ಎದುರು 1, 2, 3 ಎಂದು ಬರೆಯಬೇಕು. ಎರಡು ಸ್ಥಾನ, 900 ಸಿಂಧು ಮತ ಎಂದುಕೊಳ್ಳಿ. ಪ್ರತಿ ಮತಪತ್ರಕ್ಕೆ 100ರ ಬೆಲೆ ಕಟ್ಟುತ್ತಾರೆ. ಒಟ್ಟು 90,000. ಸ್ಥಾನ ಎರಡು, ಅದಕ್ಕೆ ಒಂದು ಕೂಡಿಸಿ ಮೂರರಿಂದ ಭಾಗಿಸಿದರೆ 30,000. ಅದಕ್ಕೆ ಮತ್ತೊಂದು ಕೂಡಿಸಿದರೆ 30,001. ಗೆಲ್ಲಲು ಇಷ್ಟು ಬೇಕು. ಮೊದಲ ಅಭ್ಯರ್ಥಿಗೆ 400 ಮೊದಲ ಪ್ರಾಶಸ್ತ್ಯ, ಎರಡನೆಯವರಿಗೆ 260, ಮೂರನೆಯವರಿಗೆ 240 ಬಿದ್ದಿವೆ. ಮೊದಲನೆಯವರು 40,000 ಪಡೆದು ಗೆದ್ದರು. ಮಿಕ್ಕ 9,999 ಅವರ 400 ಪತ್ರಗಳ ಮೇಲೆ ತಲಾ 24ರಂತೆ ಹಂಚಿಹೋಗುತ್ತದೆ. ಆ ಪತ್ರಗಳಲ್ಲಿ 300ರ ಮೇಲೆ ಎರಡನೇ ಪ್ರಾಶಸ್ತ್ಯ ಮೂರನೆಯವರಿಗಿದ್ದರೆ ಅವರಿಗೆ 7,200 ಸೇರಿ 31,200 ಆಗುತ್ತದೆ. ಎರಡನೆಯವರು 28,400ಕ್ಕೆ ನಿಲ್ಲುತ್ತಾರೆ. ಮೂರನೇ ಸ್ಥಾನದಲ್ಲಿದ್ದವರು ಗೆದ್ದರು.

ಈ ಲೆಕ್ಕದ ಅರ್ಥ ಏನು? ತನ್ನವರ ಮತವಷ್ಟೇ ಇದ್ದರೆ ಸಾಲದು, ಎದುರಿನವರ ಎರಡನೇ ಮನಸ್ಸಿನಲ್ಲೂ ಜಾಗ ಬೇಕು. ಕನ್ನಡದವರು ಮರಾಠಿಯವರ, ಮರಾಠಿಯವರು ಕನ್ನಡದವರ ಮನೆ ಬಾಗಿಲಿಗೆ ಹೋಗಿ ಎರಡನೇ ಪ್ರಾಶಸ್ತ್ಯ ಕೇಳುವ ದಾರಿಯನ್ನು ಕಾನೂನೇ ತೆರೆದಿಟ್ಟಿದೆ. ಸದನದೊಳಗೂ 210ನೇ ವಿಧಿ ಇದೆ: ರಾಜ್ಯದ ಭಾಷೆ, ಹಿಂದಿ, ಇಂಗ್ಲಿಷ್ ಯಾವುದರಲ್ಲೂ ಸರಿಯಾಗಿ ಮಾತಾಡಲಾಗದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಪತಿ ಅನುಮತಿ ಕೊಡಬಹುದು. ಗಡಿಯ ಜಗಳದ ನಡುವೆ ಇಂಥ ಸಣ್ಣ ಬಾಗಿಲುಗಳನ್ನು ನಾವು ಕಾಣಲೇ ಇಲ್ಲ, ಕಂಡರೂ ಬಳಸಲಿಲ್ಲ ಎನ್ನುವುದು ನನ್ನ ತೀರ್ಮಾನ.

ವಿಧಾನಸಭೆಯಿಂದ ಆಯ್ಕೆಯಾಗುವವರ ಲೆಕ್ಕ ಇಷ್ಟು ಉದಾರವಾಗಿರಲಿಲ್ಲ. 1957ರ ವಿಧಾನಸಭೆಯ 208 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 150, ಪ್ರಜಾ ಸಮಾಜವಾದಿ ಪಕ್ಷಕ್ಕೆ 18. ಏಳು ಸ್ಥಾನಕ್ಕೆ ಚುನಾವಣೆ ನಡೆದರೆ ಒಂದನ್ನು ಗೆಲ್ಲಲು 27 ಶಾಸಕರು ಬೇಕು. ಮುಖ್ಯ ವಿರೋಧ ಪಕ್ಷಕ್ಕೇ ಸ್ವಂತ ಬಲದಿಂದ ಒಬ್ಬರನ್ನು ಕಳಿಸಲು ಆಗದ ಸ್ಥಿತಿ. ಹೀಗಾಗಿ ಆ ಮೂರನೇ ಭಾಗ ಕೆಳಮನೆಯ ನೆರಳಾಗಿಯೇ ಉಳಿಯಿತು.

ನಾಮಕರಣದ ಬಗ್ಗೆ ದೂರುಗಳು ಯಾವಾಗಲೂ ಇದ್ದವು. 1952ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರನ್ನು ರಾಜ್ಯಪಾಲರು ಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿ ಮಾಡಿದ್ದು ದೇಶವೆಲ್ಲ ಚರ್ಚೆಯಾಯಿತು. ರಾಜಾಜಿಯವರ ಯೋಗ್ಯತೆ ಪ್ರಶ್ನಾತೀತ. ಆದರೂ ಜನರ ಮುಂದೆ ನಿಲ್ಲದವರು ಜನರ ಸರ್ಕಾರ ನಡೆಸಲು ಸಾಹಿತಿ–ಕಲಾವಿದರಿಗೆಂದು ಇಟ್ಟ ಬಾಗಿಲನ್ನು ಬಳಸಿದ್ದು ತಪ್ಪೆಂದೇ ನಾನು ತಿಳಿದಿದ್ದೇನೆ. ಆ ಬಾಗಿಲು ಇರುವುದು ಬೇರೆಯವರಿಗೆ. ಗೋಕಾಕ ತಾಲೂಕಿನ ಮಲಾಮರಡಿಯ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು 1960ರ ದಶಕದ ಕೊನೆಯಲ್ಲಿ ಪರಿಷತ್ತಿನ ಸದಸ್ಯರಾದರು. ಕೂಲಿಕಾರರ, ಮಠದೊಳಗಿನ ಮೋಸದ, ಪತ್ರಿಕಾ ಕಚೇರಿಯ ಬೇಗೆಯ ಕಥೆ ಬರೆದವರು ಕಾನೂನು ಮಾಡುವ ಮನೆಯಲ್ಲಿ ಕೂತದ್ದು ಈ ಜಿಲ್ಲೆಗೆ ಹೆಮ್ಮೆಯ ಮಾತು. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಇನ್ನು ಅಧಿಕಾರ. 1935ರ ಕಾಯ್ದೆಯಲ್ಲಿ ಎರಡು ಮನೆಗಳಿಗೆ ಒಮ್ಮತ ಬರದಿದ್ದರೆ ಹನ್ನೆರಡು ತಿಂಗಳ ಮೇಲೆ ಗವರ್ನರರು ಜಂಟಿ ಸಭೆ ಕರೆಯಬಹುದಿತ್ತು. ಸಂವಿಧಾನ ರಾಜ್ಯಗಳಲ್ಲಿ ಜಂಟಿ ಸಭೆಯನ್ನೇ ಇಡಲಿಲ್ಲ. ಪರಿಷತ್ತು ಒಂದು ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಯಬಹುದು. ಹಣಕಾಸು ಮಸೂದೆಯನ್ನು ಹದಿನಾಲ್ಕು ದಿನ. ಅಷ್ಟೇ. ರಾಷ್ಟ್ರಪತಿಯ ಚುನಾವಣೆಯಲ್ಲಿ, ರಾಜ್ಯಸಭೆಯ ಚುನಾವಣೆಯಲ್ಲಿ ಪರಿಷತ್ತಿನ ಸದಸ್ಯರಿಗೆ ಮತವಿಲ್ಲ. ಅವರ ಕೈಯಲ್ಲಿ ಉಳಿದದ್ದು ಪ್ರಶ್ನೆ ಕೇಳುವುದು, ತಿದ್ದುಪಡಿ ಸೂಚಿಸುವುದು, ನಾಲ್ಕು ಜನ ಕೇಳುವ ಹಾಗೆ ಮಾತಾಡುವುದು. ಮುಂದೆ ಪಶ್ಚಿಮ ಬಂಗಾಳ 1969ರಲ್ಲಿ, ಅದರ ಬೆನ್ನಿಗೇ ಪಂಜಾಬ್, 1986ರಲ್ಲಿ ತಮಿಳುನಾಡು ಮೇಲ್ಮನೆಯನ್ನು ತೆಗೆದುಹಾಕಿದವು. ಆಂಧ್ರ 1985ರಲ್ಲಿ ತೆಗೆದು 2007ರಲ್ಲಿ ಮತ್ತೆ ತಂದಿತು. ಇಂದು ಆರು ರಾಜ್ಯಗಳಲ್ಲಿ ಮಾತ್ರ ಅದು ಉಳಿದಿದೆ. ನಮ್ಮದು ಅವುಗಳಲ್ಲಿ ಒಂದು, 1987ರಿಂದ 75 ಸದಸ್ಯರ ಬಲ.

ಉಳಿಯಬೇಕೆಂದೇ ನನ್ನ ಮತ. ಆದರೆ ಈಗಿರುವ ಹಾಗೆ ಅಲ್ಲ. ಸ್ಥಳೀಯ ಸಂಸ್ಥೆಗಳ ಕ್ಷೇತ್ರವನ್ನೇ ನೋಡಿ. ಹಿಂದೆ ಪುರಸಭೆ, ಲೋಕಲ್ ಬೋರ್ಡುಗಳ ಕೆಲವೇ ಸದಸ್ಯರದಾಗಿದ್ದ ಮತ ಈಗ ಗ್ರಾಮ ಪಂಚಾಯ್ತಿಯ ಸದಸ್ಯರವರೆಗೆ ಬಂದಿದೆ. 1937ರಲ್ಲಿ ಬಿರುದಾಂಕಿತರ ಪಟ್ಟಿಯಿಂದ ದೂರ ಇದ್ದ ಸಾಂಬ್ರಾದಲ್ಲಿ ಇಂದು ಪಂಚಾಯ್ತಿಗೆ ಆರಿಸಿ ಬಂದ ಕೂಲಿಕಾರ ಹೆಣ್ಣುಮಗಳೂ ನೇರಳೆ ಪೆನ್ನು ಹಿಡಿದು 1 ಎಂದು ಬರೆಯುತ್ತಾಳೆ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಮತದಾರರು ಎಣಿಕೆಗೆ ಸಿಗುವಷ್ಟೇ ಜನ, ಅವರ ಹೆಸರು–ವಿಳಾಸ ಎಲ್ಲರ ಕೈಯಲ್ಲಿ. ಅಭ್ಯರ್ಥಿಯ ವೆಚ್ಚಕ್ಕೆ ವಿಧಾನಸಭೆಯ ಚುನಾವಣೆಗೆ ಇರುವಂಥ ಮಿತಿ ಪರಿಷತ್ತಿನ ಚುನಾವಣೆಗೆ ಕಾನೂನಿನಲ್ಲಿ ಇಲ್ಲ. ಹಣವಂತರ ಪಟ್ಟಿಯನ್ನು 1950ರಲ್ಲಿ ಮುಂಬಾಗಿಲಿಂದ ಹೊರಹಾಕಿದ ನಾವು ಹಣವನ್ನು ಮಾತ್ರ ಹಾಗೇ ಬಿಟ್ಟುಕೊಂಡಿದ್ದೇವೆ. ವೆಚ್ಚಕ್ಕೆ ಮಿತಿ ಹಾಕಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತ ಕೊಡಬೇಕು. ಈ ಎರಡು ಆಗದೆ ಮೇಲ್ಮನೆಯ ಪರವಾಗಿ ಗಟ್ಟಿಯಾಗಿ ಮಾತಾಡುವುದು ಕಷ್ಟ.

ಪದವೀಧರರ ಮತದ ವಿಷಯದಲ್ಲಿ ಮಾತ್ರ ಕಾನೂನನ್ನು ದೂರಿ ಪ್ರಯೋಜನವಿಲ್ಲ. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ; ಹಿಂದಿನ ಸಲ ಹೆಸರಿತ್ತು ಎಂದು ಈ ಸಲ ತಾನಾಗಿ ಬರುವುದಿಲ್ಲ. ಪದವಿ ಪಡೆದು ಮೂರು ವರ್ಷ ಕಳೆದಿದ್ದು, ಕ್ಷೇತ್ರದಲ್ಲೇ ವಾಸವಿದ್ದರೆ 18ನೇ ನಮೂನೆಯ ಅರ್ಜಿ ತುಂಬಿ ಕೊಡಬೇಕು. ಶಿಕ್ಷಕರಿಗೆ 19ನೇ ನಮೂನೆ. ಸಾಂಬ್ರಾದಲ್ಲಿ, ಸುತ್ತಲ ಹಳ್ಳಿಗಳಲ್ಲಿ ಇಂದು ಪದವಿ ಇಲ್ಲದ ಓಣಿ ಇಲ್ಲ, ಅರ್ಜಿ ತುಂಬಿದ ಮನೆ ಮಾತ್ರ ಅಪರೂಪ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ವಾಯವ್ಯ ಪದವೀಧರ ಕ್ಷೇತ್ರಕ್ಕೆ ಕಳೆದ ಚುನಾವಣೆ ಆದದ್ದು 2022ರ ಜೂನ್‌ನಲ್ಲಿ. ಆರು ವರ್ಷದ ಲೆಕ್ಕಕ್ಕೆ ಮುಂದಿನದು 2028ಕ್ಕೆ. ಪಟ್ಟಿಗೆ ಅರ್ಹತೆ ಎಣಿಸುವ ದಿನ ನವೆಂಬರ್ 1. ಮನೆಯಲ್ಲಿ ಪದವಿ ಪಡೆದ ಮಗ, ಮಗಳು, ಸೊಸೆ ಇದ್ದರೆ 2027ರ ರಾಜ್ಯೋತ್ಸವದ ಹೊತ್ತಿಗೆ ಅವರ ಕೈಯಿಂದ ಆ ಅರ್ಜಿ ತುಂಬಿಸಿ.